ಮಳೆಗಾಲದ ಹೊಳೆ ನೀರಿನಲ್ಲಿ ಕ್ರಿಪ್ಟೋಸ್ಪೊರಿಡಿಯಂ, ಜಿಯಾರ್ಡಿಯಾ ಪತ್ತೆ: ಪ್ರಯೋಗಾಲಯದ ಕ್ರಮ

ಕೋಲಿಫಾರ್ಮ್ (ಮಲದ ಸೋಂಕು ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆಯಲ್ಲಿ ಪಾಸಾದ ನೀರಿನಲ್ಲೂ ಭೇದಿ ತರುವ ಈ ಎರಡು ಪರಾವಲಂಬಿಗಳು ಇರಬಹುದು. ಕ್ರಿಪ್ಟೋಸ್ಪೊರಿಡಿಯಂನ ಊಸಿಸ್ಟ್ (ಗಟ್ಟಿ ಕವಚದ ಸುಪ್ತ ರೂಪ; ಜಿಯಾರ್ಡಿಯಾದಲ್ಲಿ ಇದಕ್ಕೆ ಸಿಸ್ಟ್ ಎನ್ನುತ್ತಾರೆ) ಕ್ಲೋರಿನ್‌ಗೆ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಹೇಮಾವತಿಗೆ ಸೇರುವ ಹಳ್ಳಗಳಲ್ಲಿ ಜೂನ್ ನಂತರ ಕೆಂಪು ಮಣ್ಣು, ಕೊಟ್ಟಿಗೆ ತೊಳೆದ ನೀರು ಎರಡೂ ಬರುತ್ತವೆ. ಪರೀಕ್ಷೆ ಹೆಚ್ಚು ಬೇಕಾದ ಆ ಸಮಯದಲ್ಲೇ ಪರೀಕ್ಷೆ ಕಷ್ಟ.

ಹರಿವಿನ ನಡುವಿನಿಂದ 10 ಲೀಟರ್ ನೀರನ್ನು ಶುದ್ಧ ಕ್ಯಾನ್‌ಗೆ ತುಂಬಿ. ನಲ್ಲಿ ನೀರಾದರೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ಕಳೆಯಿರಿ. 2ರಿಂದ 8 ಡಿಗ್ರಿಯಲ್ಲಿ ಸಾಗಿಸಿ. ಹೆಪ್ಪುಗಟ್ಟಿದರೆ ಸಿಸ್ಟ್ ಒಡೆಯುತ್ತದೆ. ಮುಂದೆ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡುವ ಯೋಚನೆ ಇದ್ದರೆ ಫಾರ್ಮಲಿನ್ ಬೆರೆಸಲೇಬೇಡಿ.

ಮುಂದಿನ ಕೆಲಸ 10 ಲೀಟರಿನಲ್ಲಿ ಚದುರಿದ ಸಿಸ್ಟ್‌ಗಳನ್ನು ಒಂದೆಡೆ ಸೇರಿಸುವುದು. ದುಬಾರಿ ಕ್ಯಾಪ್ಸೂಲ್ ಫಿಲ್ಟರ್ ಕೆಂಪು ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಹಾಗಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ವಿಧಾನವೇ ಇಲ್ಲಿಗೆ ಒಳ್ಳೆಯದು. 10 ಲೀಟರಿಗೆ 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 100 ಮಿ.ಲೀ., 1 ಮೋಲಾರ್ ಸೋಡಿಯಂ ಬೈಕಾರ್ಬೊನೇಟ್ 100 ಮಿ.ಲೀ. ಬೆರೆಸಿ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ ಅನ್ನು 10ಕ್ಕೆ ತನ್ನಿ. ಕನಿಷ್ಠ 4 ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಮೇಲಿನ ತಿಳಿಯನ್ನು ಹೀರಿ ತೆಗೆದು, ಸಿಸ್ಟ್‌ಗಳನ್ನು ಹಿಡಿದು ತಳಕ್ಕಿಳಿದ ಬಿಳಿ ಗಸಿಗೆ ಶೇ. 10ರ ಸಲ್ಫಾಮಿಕ್ ಆಮ್ಲ 200 ಮಿ.ಲೀ. ಹಾಕಿ. ಒಮ್ಮೆಗೇ ಸುರಿದರೆ ನೊರೆ ಉಕ್ಕಿ ಮಾದರಿ ಹೊರಚೆಲ್ಲುತ್ತದೆ. ಕರಗಿದ ಕೂಡಲೇ ಪಿಎಚ್ 6ರ ಆಸುಪಾಸಿಗೆ ತನ್ನಿ, 1500 ಜಿ (ಗುರುತ್ವದ 1500 ಪಟ್ಟು) ಬಲದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಬ್ರೇಕ್ ಹಾಕದೆ ನಿಲ್ಲಿಸಿ. ಊಸಿಸ್ಟ್ ಬದುಕಿದೆಯೇ ಎಂದು ನೋಡಬೇಕಿದ್ದರೆ ಈ ವಿಧಾನ ಬೇಡ, ಇದು ಅವುಗಳ ಜೀವಂತಿಕೆಯನ್ನು ಕುಗ್ಗಿಸುತ್ತದೆ.

ತೊಡಕು ಶುರುವಾಗುವುದು ಸೆಂಟ್ರಿಫ್ಯೂಜ್ ತಳದಲ್ಲಿ ಉಳಿದ ಗಸಿಯಲ್ಲಿ. ಕಾಂತಮಣಿಗಳಿಂದ (ಊಸಿಸ್ಟ್‌ಗೆ ಅಂಟುವ ಪ್ರತಿಕಾಯ ಲೇಪಿಸಿದ ಕಾಂತೀಯ ಮಣಿಗಳು) ಬೇರ್ಪಡಿಸುವಾಗ ಒಂದು ಟ್ಯೂಬಿಗೆ 0.5 ಮಿ.ಲೀ.ಗಿಂತ ಹೆಚ್ಚು ಗಸಿ ಹಾಕಬೇಡಿ. ನಮ್ಮ ಮಣ್ಣಿನ ಕಬ್ಬಿಣದ ಕಣಗಳೂ ಕಾಂತಕ್ಕೆ ಅಂಟಿ ಸ್ಲೈಡ್ ಕಪ್ಪಾಗುತ್ತದೆ. ಪಿಎಚ್ ಸ್ಥಿರವಾಗಿಡುವ ಬಫರ್ ಹಾಕಿದ ಮೇಲೂ ಪಿಎಚ್ 7ರ ಹತ್ತಿರ ಇದೆಯೇ ನೋಡಿ, ಇಳಿದಿದ್ದರೆ ಮಣಿಗಳು ಊಸಿಸ್ಟ್ ಹಿಡಿಯುವುದೇ ಇಲ್ಲ. ಮಣಿಗಳಿಗೆ ಹಣವಿಲ್ಲದಿದ್ದರೆ 1.18 ಸಾಂದ್ರತೆಯ ಸಕ್ಕರೆ ದ್ರಾವಣದಲ್ಲಿ ತೇಲಿಸಬಹುದು, ಆದರೆ ಕೈತಪ್ಪಿ ಹೋಗುವ ಊಸಿಸ್ಟ್ ಹೆಚ್ಚು.

ಪ್ರತಿದೀಪ್ತ ಪ್ರತಿಕಾಯದಿಂದ (ಸಿಸ್ಟ್‌ಗೆ ಅಂಟಿ ಹೊಳೆಯುವ ಪ್ರೋಟೀನ್) ಬಣ್ಣ ಕಟ್ಟಿದಾಗ ಹಸಿರು ಸೇಬಿನ ಹೊಳಪಿನ ಅಂಚು ಕಾಣಬೇಕು. ಕ್ರಿಪ್ಟೋ 4–6 ಮೈಕ್ರಾನಿನ ದುಂಡು. ಜಿಯಾರ್ಡಿಯಾ 8–18 ಮೈಕ್ರಾನ್ ಉದ್ದದ ಮೊಟ್ಟೆಯಾಕಾರ. ಪಾಚಿಯೂ ಹೊಳೆಯುತ್ತದೆ, ಆದ್ದರಿಂದ ಅಳೆಯದೆ, ಡಾಪಿ ಎಂಬ ಡಿಎನ್‌ಎ ಬಣ್ಣದಲ್ಲಿ ನೀಲಿ ಕೋಶಕೇಂದ್ರ ನೋಡದೆ ಖಚಿತಪಡಿಸಬೇಡಿ. ಊಸಿಸ್ಟ್ ಕೆಂಪಾಗಿ ಕಾಣುವ ಮಾರ್ಪಡಿಸಿದ ಜೀಲ್-ನೀಲ್ಸನ್ ಬಣ್ಣ ಅಗ್ಗ. ಭೇದಿಯಾದ ಎಳೆಗರುವಿನ ಸಗಣಿಯಲ್ಲಿ ಕಣ್ಣು ಪಳಗಿಸಲು ಒಳ್ಳೆಯದು, ನೀರಿಗೆ ಅದೊಂದನ್ನೇ ನಂಬಬೇಡಿ.

ಕ್ರಮ ಎಷ್ಟು ಹಿಡಿಯುತ್ತದೆ ಎಂದು ತಿಳಿಯಲು ಅದೇ ಹೊಳೆಯ ಇನ್ನೊಂದು 10 ಲೀಟರಿಗೆ ಎಣಿಸಿದ 100 ಊಸಿಸ್ಟ್ ಸೇರಿಸಿ ಇಡೀ ಕ್ರಮ ನಡೆಸಿ. 100ರಲ್ಲಿ 5 ಮಾತ್ರ ಮರಳಿ ಸಿಕ್ಕರೆ ನಿಮ್ಮ 'ಇಲ್ಲ' ಎಂಬ ವರದಿಗೆ ಬೆಲೆಯಿಲ್ಲ. 2 ಮಿ.ಲೀ. ಗಸಿಯಲ್ಲಿ 0.5 ಮಿ.ಲೀ. ನೋಡಿ 3 ಕಂಡರೆ 10 ಲೀಟರಿಗೆ 12 ಎಂದು ಬರೆಯಿರಿ. ಮರಳಿ ಸಿಕ್ಕ ಪ್ರಮಾಣವನ್ನು ಪಕ್ಕದಲ್ಲೇ ನಮೂದಿಸಿ.

ಉಳಿದ ಗಸಿ, ಸ್ಲೈಡುಗಳನ್ನು ಬ್ಲೀಚ್‌ನಲ್ಲಿ ಅದ್ದಿ ಎಸೆಯಬೇಡಿ. 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿಯೇ ಹೊರಹಾಕಿ.