ಮರಳಲ್ಲಿ ಗುಂಡಿ ತೋಡಿ ಕ್ಲ್ಯಾಂಬೇಕ್ ಮಾಡೋದು ಹೇಗೆ

ಮಂಗಳೂರಲ್ಲಿ ಮರುವಾಯಿ, ಕಾರವಾರದ ಕಡೆ ಬಳಚು ಅಂತಾರಲ್ಲ, ಅದೇ ಥರದ ಚಿಪ್ಪನ್ನ ಅಮೆರಿಕದ ನ್ಯೂ ಇಂಗ್ಲೆಂಡಲ್ಲಿ ಮಸಾಲೆ ಗಿಸಾಲೆ ಏನೂ ಇಲ್ದೆ ಬೀಚಲ್ಲೇ ಗುಂಡಿ ತೋಡಿ ಬೇಯಿಸ್ತಾರೆ, ಅದೇ ಕ್ಲ್ಯಾಂಬೇಕ್. ಹೆಸರಿಗೆ ಬೇಕ್, ಬೇಯೋದೆಲ್ಲ ಹಬೆಲಿ. ಮ್ಯಾಸಚೂಸೆಟ್ಸಿನ ಡಾರ್ಟ್‌ಮೌತ್ ಹತ್ರ ಅಲೆನ್ಸ್ ನೆಕ್ಕಲ್ಲಿ ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದ ಮಂದಿ 1888ರಲ್ಲಿ ಶುರು ಮಾಡಿದ ಕ್ಲ್ಯಾಂಬೇಕಂತೂ ಊರಹಬ್ಬಾನೇ.

ಮೊದ್ಲು ಪರ್ಮಿಟ್ ನೋಡ್ಕೊಳ್ಳಿ, ಬೀಚಲ್ಲಿ ಬೆಂಕಿ ಹಾಕೋಕೂ ಬೇಕು, ಚಿಪ್ಪು ಅಗೆಯೋಕೂ ಬೇಕು. ರೆಡ್ ಟೈಡ್ (ಸಮುದ್ರದಲ್ಲಿ ವಿಷದ ಪಾಚಿ ಹೆಚ್ಚಾಗಿ ಚಿಪ್ಪಿಗೂ ವಿಷ ಸೇರೋದು) ಅಂತ ಬೋರ್ಡ್ ಇದ್ರೆ ಆ ಕಡೆ ಹೋಗ್ಲೇಬೇಡಿ, ಆ ವಿಷ ಬೇಯಿಸಿದ್ರೂ ಹೋಗಲ್ಲ. ಅಂಗಡಿಯಿಂದ ತಂದ್ರೆ ಯಾರೂ ಬೈಯಲ್ಲ. ತಂದಿದ್ದನ್ನ ಒಂದೆರಡು ಗಂಟೆ ಉಪ್ಪುನೀರಲ್ಲಿ ಇಡಿ, ಮರಳು ಉಗಿಯತ್ತೆ.

ಅಸಲಿ ಕೆಲ್ಸ ಕಲ್ಲಿನದು. ಎರಡು ಅಡಿ ಆಳ ತೋಡಿ ತಳಕ್ಕೆ ಒಣಗಿರೋ ಗುಂಡುಕಲ್ಲು ಜೋಡ್ಸಿ, ನೀರಲ್ಲಿ ನೆಂದ ಕಲ್ಲು ಬೇಡ, ಒಳಗಿನ ನೀರು ಹಬೆಯಾಗಿ ಕಲ್ಲೇ ಸಿಡಿಯತ್ತೆ. ಮೇಲೆ ಸೌದೆ ಒಟ್ಟಿ ಎರಡು ಮೂರು ಗಂಟೆ ಉರಿಸಿ, ನೀರು ಚಿಮುಕಿಸಿದ್ರೆ ಚುಂಯ್ ಅಂತ ಹಾರಿಹೋಗ್ಬೇಕು. ಆಮೇಲೆ ಕೆಂಡ ಬೂದಿ ಎಲ್ಲ ಎಳೆದು ಹಾಕಿ, ಇಲ್ಲಾಂದ್ರೆ ಊಟ ಪೂರ್ತಿ ಹೊಗೆ ವಾಸನೆ.

ಇಲ್ಲಿಂದ ಎಲ್ರೂ ಕೈ ಹಾಕ್ಬೇಕು, ಕಲ್ಲು ಆರೋದ್ರೊಳಗೆ ಮುಗೀಬೇಕಲ್ಲ! ಮೊದ್ಲು ಒದ್ದೆ ರಾಕ್‌ವೀಡ್ ದಪ್ಪಗೆ ಹಾಸಿ. ಇದು ಕಂದು ಬಣ್ಣದ ಕಡಲಕಳೆ, ಮೈತುಂಬ ಸಣ್ಣ ಗುಳ್ಳೆ, ಬಿಸಿಗೆ ಅವು ಪಟಪಟ ಒಡೀತವೆ, ಮೆತ್ಕೊಂಡಿರೋ ಸಮುದ್ರದ ನೀರೇ ಹಬೆ ಆಗತ್ತೆ, ಬೇರೆ ಉಪ್ಪು ಬೇಡ. ಅದರ ಮೇಲೆ ಆಲೂಗಡ್ಡೆ, ಈರುಳ್ಳಿ, ಸಿಪ್ಪೆ ಸಮೇತ ಮೆಕ್ಕೆಜೋಳದ ತೆನೆ, ಲಾಬ್‌ಸ್ಟರ್, ಚಿಪ್ಪು. ಪೋರ್ಚುಗೀಸ್ ಮೂಲದವ್ರು ಜಾಸ್ತಿ ಇರೋ ಕಡೆ ಖಾರದ ಸಾಸೇಜೂ ಬೀಳತ್ತೆ, ನನಗಂತೂ ಅದೇ ಇಷ್ಟ. ಮತ್ತೆ ರಾಕ್‌ವೀಡ್, ಮೇಲೆ ಒದ್ದೆ ಕ್ಯಾನ್ವಾಸ್ (ಪ್ಲಾಸ್ಟಿಕ್ ಹಾಕಿ ಕರಗಿಸ್ಬೇಡಿ), ಅಂಚಿಗೆಲ್ಲ ಮರಳು.

ಒಂದು ಗಂಟೆ ಮೇಲೇ ಹಿಡಿಯತ್ತೆ. ಮಧ್ಯೆ ಮಧ್ಯೆ ಎತ್ತಿ ನೋಡಿದ್ರೆ ಹಬೆ ಹೋಯ್ತು, ಅದಕ್ಕೇ ಯಾವಾಗ ಎತ್ತೋದು ಅಂತ ಹೇಳೋಕೆ ಒಬ್ರು ಬೇಕ್‌ಮಾಸ್ಟರ್ ಇರ್ತಾರೆ, ಮಿಕ್ಕವ್ರು ಹರಟೆ ಹೊಡೀತಾ ಕೂರೋದು. ಮೇಲ್ಗಡೆ ಒಂದು ಹಸಿ ಮೊಟ್ಟೆ ಇಟ್ಟಿರಿ, ಅದು ಗಟ್ಟಿಯಾಗಿದ್ರೆ ಎಲ್ಲ ಬೆಂದಿದೆ ಅಂತ ಲೆಕ್ಕ. ಬಾಯಿ ಬಿಡದ ಚಿಪ್ಪು ಎಸೀರಿ, ಬಿಟ್ಟಿರೋದನ್ನ ಕರಗಿಸಿದ ಬೆಣ್ಣೇಲಿ ಅದ್ದಿ ತಿನ್ನಿ. ಹೋಗೋವಾಗ ಕಲ್ಲಿಗೆ ದೂರದಿಂದ್ಲೇ ನೀರು ಸುರೀರಿ, ಪೂರ್ತಿ ಆರಿದ ಮೇಲೇ ಗುಂಡಿ ಮುಚ್ಚಿ, ಬಿಸಿ ಇರುವಾಗ್ಲೇ ಮರಳು ಎಳೆದು ಹೋದ್ರೆ ಬರಿಗಾಲಲ್ಲಿ ಓಡಾಡೋ ಮಕ್ಕಳಿಗೆ ಗೊತ್ತಾಗಲ್ಲ.