ಸೆಕೆಯ ಊರಿನ ಆಫೀಸಿಗೆ ಗಾಳಿಯ ದಾರಿ

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ನಮ್ಮದು ಮೇಲ್ಮಹಡಿಯ ಆಫೀಸು. ಏಪ್ರಿಲ್ ಬಂತೆಂದರೆ ಬೆಳಿಗ್ಗೆಯೇ ಎಸಿ 18ಕ್ಕೆ ಇಳಿಯುತ್ತಿತ್ತು. ಆದರೂ ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ತಲೆಭಾರ. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಇದನ್ನು ಬದಲಿಸಲೇಬೇಕು ಅಂತ ಕೂತೆ.

ಕರಾವಳಿಯಲ್ಲಿ ಬಿಸಿಲಿಗಿಂತ ಸೆಕೆಯದ್ದೇ ಕಾಟ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ. ಕಲಬುರಗಿಯಲ್ಲಿ ಚೆನ್ನಾಗಿ ನಡೆಯುವ ನೀರಿನ ಕೂಲರ್ ಇಲ್ಲಿ ಇನ್ನಷ್ಟು ತೇವ ಸೇರಿಸುತ್ತದೆ, ಅಷ್ಟೇ. ಮೈಮೇಲೆ ಗಾಳಿ ಆಡಬೇಕು. ಹಾಗೆ ಆಡಿದರೆ 2-3 ಡಿಗ್ರಿ ಕಡಿಮೆಯಾದಷ್ಟು ಹಾಯೆನಿಸುತ್ತದೆ.

ಬೇಸಿಗೆಯ ಮಧ್ಯಾಹ್ನ ಇಲ್ಲಿ ಕಡಲಗಾಳಿ ಪಶ್ಚಿಮದಿಂದ ಬೀಸುತ್ತದೆ. ನಮ್ಮ ಪಶ್ಚಿಮದ ಕಿಟಕಿಗೆ ಫೈಲ್ ಕಪಾಟು ಅಡ್ಡ ನಿಂತಿತ್ತು. ಪೂರ್ವದ ಗೋಡೆಯ ವೆಂಟಿಲೇಟರ್‌ಗಳಿಗೆ ಎಸಿ ಹಾಕಿಸುವಾಗ ಪ್ಲೈವುಡ್ ಹೊಡೆದಿದ್ದರು. ಹೊರಹೋಗಲು ದಾರಿ ಇಲ್ಲದಿದ್ದರೆ ಗಾಳಿ ಒಳಗೂ ಬರುವುದಿಲ್ಲ ಅಲ್ವಾ? ಕಪಾಟು ಸರಿಸಿದೆವು, ಪ್ಲೈವುಡ್ ಕಿತ್ತೆವು. ಅದೇ ದಿನ ಮೇಜಿನ ಮೇಲಿನ ಕಾಗದಗಳು ಹಾರತೊಡಗಿದವು. ನನಗಂತೂ ತುಂಬಾ ಖುಷಿಯಾಯಿತು. ಸೊಳ್ಳೆಗೆ ಜಾಲರಿ ಬೇಕೇ ಬೇಕು, ಮಲೇರಿಯಾ ಕಾಡಿದ ಊರು ನಮ್ಮದು. ಆದರೆ ಧೂಳು ಕೂತ ಜಾಲರಿ ಗಾಳಿಯನ್ನು ತಡೆಯುತ್ತದೆ. ಹಾಗಾಗಿ ಕಳಚಿ ತೊಳೆಯುವಂಥದ್ದನ್ನೇ ಹಾಕಿಸಿದೆ.

ಸಂಜೆ ಬಿಸಿಲಿಗೆ ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಕಟ್ಟಿಸಿದೆ. ಒಳಗಿನ ಪರದೆ ಅಷ್ಟು ಉಪಯೋಗವಿಲ್ಲ, ಗಾಜು ದಾಟಿದ ಬಿಸಿ ಒಳಗೇ ಉಳಿಯುತ್ತದೆ. ತಾರಸಿಗೆ ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ ಬಳಿಸಿದೆವು.

ಹಳೆಯ ಫ್ಯಾನ್ ಸುಮಾರು 75 ವಾಟ್ ತಿನ್ನುತ್ತಿತ್ತು. ಬಿಎಲ್‌ಡಿಸಿ (ಬ್ರಷ್ ಇಲ್ಲದ, ಕಡಿಮೆ ಕರೆಂಟಿನ ಮೋಟಾರಿನ) ಫ್ಯಾನಿಗೆ 30ರ ಆಸುಪಾಸು ಸಾಕು. ಈಗ ಫ್ಯಾನ್ ತಿರುಗುತ್ತಲೇ ಇರುತ್ತದೆ. ತೀರಾ ಸೆಕೆಯಾದಾಗ ಮಾತ್ರ ಕಿಟಕಿ ಮುಚ್ಚಿ ಎಸಿ ಹಾಕುತ್ತೇವೆ, ಅದೂ 26ಕ್ಕೆ. ಒಂದು ಡಿಗ್ರಿ ಏರಿಸಿದರೆ ಎಸಿಯ ಕರೆಂಟು ಸುಮಾರು 6% ಉಳಿಯುತ್ತದೆ ಅನ್ನುವುದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ಲೆಕ್ಕ. ಕಿಟಕಿ ತೆರೆದಿಟ್ಟು ಎಸಿ ಓಡಿಸಿದರೆ ಹೊರಗಿನ ತೇವ ಹಿಂಡುವುದಕ್ಕೇ ಕರೆಂಟು ಸುಮ್ನೆ ಖರ್ಚು. ಮೆಸ್ಕಾಂ ಬಿಲ್ ಮೊದಲ ಬೇಸಿಗೆಯಲ್ಲೇ ಇಳಿಯಿತು, ತಲೆಭಾರದ ದೂರೂ ನಿಂತಿತು.

ಮಳೆಗಾಲದಲ್ಲಿ ಎರಚಲು ಹೊಡೆಯುವುದರಿಂದ ಪಶ್ಚಿಮದ ಕಿಟಕಿ ತೆರೆಯುವಂತಿಲ್ಲ. ಆಗ ಪೂರ್ವದ ಒಂದು ವೆಂಟಿಲೇಟರ್‌ನಲ್ಲಿ ಕೂರಿಸಿದ ಎಕ್ಸಾಸ್ಟ್ ಫ್ಯಾನ್ ಹಾಕುತ್ತೇವೆ. ಮೆಟ್ಟಿಲ ಕಡೆಯ ಬಾಗಿಲಿನಿಂದ ಹೊಸ ಗಾಳಿ ಬರುತ್ತದೆ.