ಸರ್ಕಾರಿ ಇಲಾಖೆಯ ಸಿಬ್ಬಂದಿ ಮತ್ತು ವೆಚ್ಚವನ್ನು ತಗ್ಗಿಸುವ ಕ್ರಮ

ಇಲಾಖೆಯ ಗಾತ್ರವನ್ನು ಕುಗ್ಗಿಸಬೇಕೆಂಬ ಆದೇಶ ಕೈಸೇರಿದೊಡನೆ ನೌಕರರ ಪಟ್ಟಿಯನ್ನು ತರಿಸಿಕೊಳ್ಳುವುದು ರೂಢಿ. ಆದರೆ ಮೊದಲು ಸಿದ್ಧವಾಗಬೇಕಾದದ್ದು ಕೆಲಸಗಳ ಪಟ್ಟಿ. ಯಾವ ಕೆಲಸವನ್ನು ಕಾನೂನು ಕಡ್ಡಾಯಗೊಳಿಸಿದೆ, ಯಾವುದನ್ನು ಬೇರೊಂದು ಇಲಾಖೆಯೂ ಮಾಡುತ್ತಿದೆ, ಯಾವುದನ್ನು ನಿಲ್ಲಿಸಿದರೂ ಸಾರ್ವಜನಿಕರಿಗೆ ತೊಂದರೆಯಾಗದು ಎಂಬುದನ್ನು ಒಂದೊಂದಾಗಿ ಬರೆದಿಡಬೇಕು. ಕೆನಡಾ 1994ರಲ್ಲಿ ಆರಂಭಿಸಿದ ಕಾರ್ಯಕ್ರಮ ಪರಿಶೀಲನೆ ಇದೇ ಹಾದಿಯಲ್ಲಿ ನಡೆಯಿತು. ಈ ಕೆಲಸ ಸಾರ್ವಜನಿಕ ಹಿತಕ್ಕೆ ಅಗತ್ಯವೇ, ಸರ್ಕಾರವೇ ಮಾಡಬೇಕೇ, ಪ್ರಾಂತ್ಯಗಳಿಗೆ ಬಿಡಬಹುದೇ ಎಂಬುದರಿಂದ ಹಿಡಿದು ಭರಿಸಲು ಸಾಧ್ಯವೇ ಎಂಬವರೆಗೆ ಆರು ಪ್ರಶ್ನೆಗಳಿಗೆ ಉತ್ತರ ಪಡೆದು, 1995ರ ಬಜೆಟ್ಟಿನಲ್ಲಿ ಸುಮಾರು 45,000 ಹುದ್ದೆಗಳ ಕಡಿತವನ್ನು ಪ್ರಕಟಿಸಲಾಯಿತು. ಎಲ್ಲ ವಿಭಾಗಗಳಿಗೂ ಒಂದೇ ಶೇಕಡಾವಾರು ಕಡಿತ ವಿಧಿಸುವುದು ನ್ಯಾಯವೆಂದು ತೋರಿದರೂ, ಅದು ನಿರ್ಧಾರವನ್ನು ತಪ್ಪಿಸಿಕೊಳ್ಳುವ ಉಪಾಯವಷ್ಟೇ.

ಬಳಿಕ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಹುದ್ದೆಗಳನ್ನು ಬೇರ್ಪಡಿಸಿ. ವರ್ಷಗಳಿಂದ ಖಾಲಿಯಿದ್ದ ಹುದ್ದೆಗಳನ್ನು ರದ್ದುಪಡಿಸಿದರೆ ವರದಿಯಲ್ಲಿ ದೊಡ್ಡ ಸಂಖ್ಯೆ ಕಾಣುತ್ತದೆಯೇ ಹೊರತು ಖಜಾನೆಯಿಂದ ಹೋಗುತ್ತಿರುವ ಹಣವೇನೂ ಉಳಿಯುವುದಿಲ್ಲ.

ನಿವೃತ್ತರ ಸ್ಥಾನಗಳನ್ನು ತುಂಬದಿರುವುದು ಕಡಿಮೆ ನೋವಿನ ಮಾರ್ಗ. ಆದರೆ ಅದು ನಿಧಾನ, ಮತ್ತು ಯಾವ ವಿಭಾಗ ಬರಿದಾಗುತ್ತದೆ ಎಂಬುದನ್ನು ನೌಕರರ ವಯಸ್ಸು ತೀರ್ಮಾನಿಸುತ್ತದೆ. ಸ್ವಯಂ ನಿವೃತ್ತಿ ಯೋಜನೆಗೆ ವೇಗವಿದೆ. ಅಮೆರಿಕದಲ್ಲಿ 1994ರ ಕಾಯಿದೆಯೊಂದು 2,72,900 ಪೂರ್ಣಾವಧಿ ಸಮಾನ ಹುದ್ದೆಗಳ (ಅರೆಕಾಲಿಕ ಕೆಲಸವನ್ನೂ ಪೂರ್ಣಾವಧಿಯ ಲೆಕ್ಕಕ್ಕೆ ತಂದು ಎಣಿಸಿದ ಹುದ್ದೆಗಳ) ಇಳಿಕೆಯನ್ನು ಗುರಿಯಾಗಿಟ್ಟು, ಸ್ವಇಚ್ಛೆಯಿಂದ ಹೊರಡುವವರಿಗೆ ಗರಿಷ್ಠ 25,000 ಡಾಲರ್ ನೀಡಲು ಅವಕಾಶ ಕೊಟ್ಟಿತು. ಇಂಥ ಯೋಜನೆಯನ್ನು ಎಲ್ಲರಿಗೂ ತೆರೆದಿಟ್ಟರೆ ಹೊರಗೆ ಸುಲಭವಾಗಿ ಕೆಲಸ ಸಿಗುವ ನುರಿತವರೇ ಮೊದಲು ಹೊರಡುತ್ತಾರೆ. ಆದ್ದರಿಂದ ಅರ್ಹ ವೃಂದಗಳನ್ನು ಮುಂಚಿತವಾಗಿ ಗುರುತಿಸಿ, ಅರ್ಜಿಯನ್ನು ತಿರಸ್ಕರಿಸುವ ಅಧಿಕಾರವನ್ನು ಇಲಾಖೆಯಲ್ಲೇ ಉಳಿಸಿಕೊಂಡು, ತೆರವಾದ ಹುದ್ದೆ ಅಂದೇ ರದ್ದಾಗುವಂತೆ ಆದೇಶದಲ್ಲಿ ನಮೂದಿಸಬೇಕು.

ನೌಕರರನ್ನು ಕಡ್ಡಾಯವಾಗಿ ಸೇವೆಯಿಂದ ತೆಗೆಯುವುದು ಅನಿವಾರ್ಯವಾದರೆ, ಹೆಸರುಗಳನ್ನು ನೋಡುವ ಮುನ್ನವೇ ಮಾನದಂಡಗಳು ಲಿಖಿತವಾಗಿರಬೇಕು. ಇಲ್ಲದಿದ್ದರೆ ಪ್ರತಿ ಆದೇಶವೂ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಅಮೆರಿಕದ ಒಕ್ಕೂಟ ನಿಯಮಗಳು ನೇಮಕಾತಿಯ ಸ್ವರೂಪ, ಮಾಜಿ ಸೈನಿಕರ ಆದ್ಯತೆ, ಸೇವಾವಧಿ ಮತ್ತು ಕಾರ್ಯಕ್ಷಮತೆಯನ್ನು ಪರಿಗಣಿಸುವಂತೆ ಹೇಳಿ, ಸಾಮಾನ್ಯವಾಗಿ 60 ದಿನಗಳ ನೋಟಿಸನ್ನು ವಿಧಿಸಿದ್ದವು. ಪ್ರೊಬೇಷನ್ ಅವಧಿಯವರನ್ನು ಸುಲಭವಾಗಿ ತೆಗೆಯಬಹುದೆಂಬ ಒಂದೇ ಕಾರಣಕ್ಕೆ ಅವರನ್ನು ಆರಿಸುವುದು ಅಪಾಯಕರ. 2025ರ ಫೆಬ್ರುವರಿಯಲ್ಲಿ ಅದೇ ದೇಶದ ಅಣ್ವಸ್ತ್ರಗಳ ಉಸ್ತುವಾರಿ ನೋಡುವ ರಾಷ್ಟ್ರೀಯ ಪರಮಾಣು ಭದ್ರತಾ ಆಡಳಿತವು ವಜಾಗೊಳಿಸಿದ ಪ್ರೊಬೇಷನ್ ನೌಕರರಲ್ಲಿ ಹೆಚ್ಚಿನವರನ್ನು ಕೆಲವೇ ದಿನಗಳಲ್ಲಿ ಮರಳಿ ಕರೆಯಬೇಕಾಯಿತು.

ಆಯವ್ಯಯದ ವಿಷಯದಲ್ಲಿ, ಪರಿಹಾರಧನ ಮತ್ತು ಬಾಕಿ ರಜೆಯ ನಗದೀಕರಣದಿಂದಾಗಿ ಮೊದಲ ವರ್ಷ ವೆಚ್ಚ ಇಳಿಯುವ ಬದಲು ಏರಬಹುದೆಂಬುದನ್ನು ಹಣಕಾಸು ಇಲಾಖೆಗೆ ಮೊದಲೇ ತಿಳಿಸಿರಬೇಕು. ತಪಾಸಣೆ, ತರಬೇತಿ, ದುರಸ್ತಿಯ ಬಾಬ್ತುಗಳನ್ನು ಕತ್ತರಿಸುವುದು ಸುಲಭ, ಏಕೆಂದರೆ ಅದರ ಪರಿಣಾಮ ತಕ್ಷಣ ಕಾಣುವುದಿಲ್ಲ. ತೆರಿಗೆ ವಸೂಲಿ ಸಿಬ್ಬಂದಿಯನ್ನು ಕಡಿಮೆ ಮಾಡಿದರಂತೂ ಆದಾಯವೇ ಕುಗ್ಗೀತು. ವೇತನ ಮತ್ತು ಹೊರಗುತ್ತಿಗೆಯ ಲೆಕ್ಕಶೀರ್ಷಿಕೆಗಳನ್ನು ಒಟ್ಟಿಗೆ ಇಟ್ಟು ನೋಡದ ಹೊರತು ಉಳಿತಾಯ ನಿಜವೇ ಎಂಬುದು ತಿಳಿಯದು. ಕಡಿತಕ್ಕೆ ಮುಂಚಿನ ಬಾಕಿ ಕಡತಗಳ ಸಂಖ್ಯೆಯನ್ನು ದಾಖಲಿಸಿ, ಆರು ತಿಂಗಳಿಗೊಮ್ಮೆ ಹೋಲಿಸಿ, ಏರಿಕೆ ಕಂಡ ವಿಭಾಗಗಳಿಗೆ ಹೆಚ್ಚುವರಿಯೆಂದು ಗುರುತಿಸಿದವರನ್ನು ನಿಯೋಜಿಸಲು ಅವಕಾಶವನ್ನು ಆದೇಶದಲ್ಲೇ ಕಲ್ಪಿಸಿರಬೇಕು.